ಚಿಗವ್ವ ಬೈಯದ ಹನುಮಂತರಾಯ

ರಾಯಚೂರಿನಿಂದ ಮಾನ್ವಿಯ ಮೇಲೆ ಹಾಯ್ದು ದೇವದುರ್ಗಕ್ಕೆ ಹೋಗಿ ಬರುವ ಸರ್ಕಾರಿ ಬಸ್ಸಿನ ಕಂಡಕ್ಟರ್ ಹನುಮಂತರಾಯನನ್ನು ಬೈಯದವರು ಈ ಸೀಮೆಯಲ್ಲಿ ಇರಲಿಕ್ಕಿಲ್ಲ. ಚಿಲ್ಲರೆ ಇಲ್ಲ ಎಂದರೆ ಬೈಯುತ್ತಾರೆ, ಇದೆ ಎಂದು ಕೊಟ್ಟರೆ ಸವೆದ ನಾಣ್ಯ ಕೊಟ್ಟ ಎಂದು ಬೈಯುತ್ತಾರೆ. ಮೆಣಸಿನಕಾಯಿ ಚೀಲವನ್ನು ಒಳಗೆ ಬಿಟ್ಟರೆ ಸೀನುವವರು ಬೈಯುತ್ತಾರೆ, ಬಿಡದಿದ್ದರೆ ಚೀಲದವರು ಬೈಯುತ್ತಾರೆ. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲಂತೂ ಸೀಟು ಸಿಗದ ಗಂಡಸರು, ಆ ಕಾನೂನು ತಂದವನೂ ಇವನೇ ಎಂಬಂತೆ ಮುಖ ನೋಡಿ ನೋಡಿ ಬೈಯುತ್ತಾರೆ. ಅವನು ನಗುತ್ತ ಎಲ್ಲ ಕೇಳಿಸಿಕೊಂಡು ಶಿಳ್ಳೆ ಊದಿ "ರೈಟ್" ಎನ್ನುತ್ತಾನೆ. ಸಂಜೆ ರಾಯಚೂರಿನ ಮನೆಗೆ ಹೋದರೆ ಉಳಿದ ಬಾಕಿಯನ್ನು ಹೆಂಡತಿ ಯಂಕಮ್ಮ ತೀರಿಸುತ್ತಾಳೆ.

ಇಷ್ಟೆಲ್ಲ ಬೈಗುಳ ತಿಂದು ಅರಗಿಸಿಕೊಂಡ ಮನುಷ್ಯನಿಗೆ ಐವತ್ತು ದಾಟಿದ ಮೇಲೂ ಒಂದು ಹಸಿವು ಉಳಿದಿತ್ತು. ಮಾನ್ವಿಯಲ್ಲಿರುವ ಚಿಗವ್ವ ರೇಣುಕಮ್ಮ ತನ್ನನ್ನು ಒಮ್ಮೆ, ಒಂದೇ ಒಂದು ಸಲ, ಬಾಯಿ ತುಂಬ ಬೈಯಬೇಕು. "ಲೇ" ಅನ್ನಬೇಕು. ಕೇಳಿದವರು ನಕ್ಕಾರು. ಆದರೆ ಅವನನ್ನು ಎತ್ತಿ ಆಡಿಸಿ, ಸ್ಕೂಲಿಗೆ ಹಾಕಿ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳೆಸಿದವಳು ಅವಳೇ. ಆ ಅವಳು ಇಂದಿಗೂ ಅವನನ್ನು ಕಂಡರೆ ತಲೆಯ ಮೇಲೆ ಸೆರಗು ಎಳೆದುಕೊಂಡು, "ಬರ್ರಿ, ಕುಂದರ್ರಿ" ಎನ್ನುತ್ತಾಳೆ. ಹೊಟ್ಟೆಯಲ್ಲಿ ಹುಟ್ಟದಿದ್ದರೂ ಮಗನೇ ಆದವನಿಗೆ ಹೀಗೆ ಮರ್ಯಾದೆ ಕೊಟ್ಟರೆ ಅವನೆಲ್ಲಿಗೆ ಹೋಗಬೇಕು?

ಇದಕ್ಕೆ ಕಾರಣ ಅವನ ಹೆಸರು. ಅದು ಅವನದಲ್ಲ, ಅವನ ಕಾಕನದು.

ಕಾಕ ಹನುಮಂತರಾಯ ಅರಕೇರಾದ ತಾಯಪ್ಪನ ಕಿರಿಮಗ. ಮಿಲಿಟರಿ ಸೇರಿದ ಮೊದಲ ರಜೆಯಲ್ಲಿ ಮಾನ್ವಿಯ ರೇಣುಕಮ್ಮನನ್ನು ಮದುವೆಯಾದ. ಅವಳಿಗಾಗ ಹದಿನಾರು. ಮಾತು ಅಂದರೆ ಅವಳದು. ಬಾವಿಗೆ ನೀರಿಗೆ ಹೋದರೆ ಬಾವಿಯೂ ತಿರುಗಿ ಮಾತಾಡುತ್ತದೆ ಎಂದು ಓಣಿಯವರು ಹಾಸ್ಯ ಮಾಡುತ್ತಿದ್ದರು. ಗಂಡನಿಗೆ ಆ ಬಾಯಿಯ ಮೇಲೇ ಪ್ರೀತಿ. ಬೇಕಂತಲೇ ಕಾಲು ತೊಳೆಯದೆ ಒಳಗೆ ಬಂದು, ಬೈಯಿಸಿಕೊಂಡು, ಕಂಬಕ್ಕೆ ಒರಗಿ ನಗುತ್ತಿದ್ದನಂತೆ. ಎಲ್ಲ ಸೇರಿ ಎರಡು ರಜೆ, ಅಷ್ಟೇ ಅವರ ಸಂಸಾರ.

ಎರಡನೆಯ ರಜೆ ಮುಗಿಯುವ ಮುಂಚೆಯೇ ಕರೆ ಬಂತು. ಅದು ಎಪ್ಪತ್ತೊಂದರ ಯುದ್ಧದ ವರ್ಷ. ರಾಯಚೂರು ಸ್ಟೇಶನ್ನಿಗೆ ಮಾವನ ಜೊತೆ ಅವಳೂ ಬಂದಳು. ರೈಲು ಹೊರಡುವ ಹೊತ್ತಿಗೆ ನೋಡಿದರೆ, ಅವಳು ನಸುಕಿನಲ್ಲೆದ್ದು ತಟ್ಟಿದ ರೊಟ್ಟಿಯ ಗಂಟನ್ನು ಅವನು ಬಸ್ಸಿನಲ್ಲೇ ಬಿಟ್ಟು ಬಂದಿದ್ದ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಿಟಕಿಯ ಸರಳು ಹಿಡಿದು, "ಒಂದ್ ಗಂಟು ನೆಟ್ಟಗ ಹಿಡ್ಕೊಳ್ಳಾಕ ಬರಂಗಿಲ್ಲ, ನೀವೇನ್ರೀ ದೇಶ ಹಿಡ್ಕೊಂಡು ನಿಂದ್ರೋರು!" ಎಂದು ಪ್ಲಾಟ್‌ಫಾರ್ಮೆಲ್ಲ ಕೇಳುವಂತೆ ಬೈದಳು. ಡಬ್ಬಿಯಲ್ಲಿದ್ದ ಜನ ನಕ್ಕರು. ಅವನೂ ನಕ್ಕ. ರೈಲು ಹೊರಟಿತು.

ಯುದ್ಧ ಮುಗಿದ ಮೇಲೆ ಸುದ್ದಿ ಬಂತು: ವೈರಿಗಳ ಕೈಗೆ ಸೆರೆಸಿಕ್ಕಿದ್ದಾನೆ, ಜೀವಂತ ಇದ್ದಾನೆ. ಜೀವಂತ ಇದ್ದಾನೆ ಎಂಬ ಮಾತೊಂದೇ ಆ ಮನೆಗೆ ಸಾಕಾಯಿತು. ತಾಯಪ್ಪ ಊರಿಗೆಲ್ಲ ಬೆಲ್ಲ ಹಂಚಿದ. ಸೆರೆಯಾದವರು ಇಂದಲ್ಲ ನಾಳೆ ಬಂದೇ ಬರುತ್ತಾರಲ್ಲ! ರೇಣುಕಮ್ಮ ಪಡಸಾಲೆಗೆ ಹೊಸದಾಗಿ ಸಗಣಿ ಸಾರಿಸಿ ದಾರಿ ನೋಡಿದಳು. ಮುಂದಿನ ಮಳೆಗಾಲದಲ್ಲಿ ಎರಡನೆಯ ಸುದ್ದಿ ಬಂತು. ಗಾಯ ವಿಷವಾಗಿ ಸೆರೆಯಲ್ಲೇ ತೀರಿಕೊಂಡಿದ್ದ. ಅಲ್ಲೇ ಎಲ್ಲೋ ಮಣ್ಣು ಮಾಡಿದ್ದರು. ಎಲ್ಲಿ ಎಂದು ಯಾರೂ ಹೇಳಲಿಲ್ಲ.

ಉಳಿದ ಸೆರೆಯಾಳುಗಳು ತಿರುಗಿ ಬಂದ ಮೇಲೆ ಬಾಗಲಕೋಟೆ ಕಡೆಯ ಜೊತೆಗಾರನೊಬ್ಬ ಹುಡುಕಿಕೊಂಡು ಅರಕೇರಾಕ್ಕೆ ಬಂದ. ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದ. ಠಾಣ್ಯವನ್ನು ವೈರಿಗಳು ಸುತ್ತುಗಟ್ಟಿದ್ದು, ಗುಂಡು ಮುಗಿದದ್ದು, ಕೈಯೆತ್ತಲು ಸಾಹೇಬರೇ ಹುಕುಂ ಮಾಡಿದ್ದು. "ಕ್ಯಾಂಪಿನ್ಯಾಗ ನಮ್ಮನ್ನ ನಗಸಾಂವ ಅಂದ್ರ ಅವನೊಬ್ಬನ ನೋಡ್ರಿ. ಸ್ಟೇಶನ್ನಿನ್ಯಾಗ ಹೆಂಡ್ತಿ ಬೈದದ್ದು ದಿನಾ ಹೇಳಾಂವ. ಗಂಟು ಹಿಡ್ಕೊಳ್ಳಾಕ ಬರಂಗಿಲ್ಲ, ದೇಶ ಹಿಡಿತೀರೇನು ಅಂದ್ಲಂತ. ಮನಿಗೆ ಹೋಗಿ ಇನ್ನೊಮ್ಮಿ ಬೈಸ್ಕೋಬೇಕ್ರೋ ಅಂತಿದ್ದ" ಎಂದ. ಪಾಪ, ಅವನು ಸಮಾಧಾನಕ್ಕೆಂದೇ ಹೇಳಿದ್ದು. ಕದದ ಹಿಂದೆ ನಿಂತಿದ್ದ ರೇಣುಕಮ್ಮ ಒಳಗೆ ಹೋದಳು. ಗಂಡನಿಗೆ ತಾನು ಕೊಟ್ಟು ಕಳಿಸಿದ ಕೊನೆಯ ಬುತ್ತಿ ಬೈಗುಳ ಎಂಬುದಷ್ಟೇ ಅವಳ ತಲೆಯಲ್ಲಿ ಉಳಿಯಿತು. ಅವನು ಅದನ್ನು ಎಷ್ಟು ಸವಿದ ಎಂಬುದು ಕಿವಿಗೆ ಬಿತ್ತೋ ಇಲ್ಲವೋ.

ಅದೇ ದಿನಗಳಲ್ಲಿ ತಾಯಪ್ಪನ ಹಿರಿಸೊಸೆ ಹುಲಗೆಮ್ಮ ಗಂಡು ಹಡೆದಳು. ತೊಟ್ಟಿಲಿಗೆ ಹಾಕುವ ದಿನ ತಾಯಪ್ಪ ಎದ್ದು ನಿಂತು, "ನನ್ನ ಮಗನಿಗೆ ಗೋರಿ ಇಲ್ಲ. ಗೋರಿ ಇಲ್ಲದ ಹೆಸರು ಗಾಳ್ಯಾಗ ಅಲೀತದ. ಈ ಕೂಸಿನ ಮೈಮ್ಯಾಲೆ ಕುಂದರಸ್ರಿ" ಎಂದ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಕೂಗಿದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕಿತ್ತು. ಆ ದಿನ ಯಾರೂ ಗಟ್ಟಿಯಾಗಿ ಗುದ್ದಲಿಲ್ಲ. ರೇಣುಕಮ್ಮ ಮಾತ್ರ ಸೆರಗು ತಲೆಗೆಳೆದುಕೊಂಡು ಬಂದು, ತೊಟ್ಟಿಲಿನ ಕಾಲಿಗೆ ಹಣೆ ಹಚ್ಚಿದಳು.

ತೀರಿಹೋದವರ ಹೆಸರನ್ನು ಕೂಸಿಗೆ ಇಡುವುದು ನಮ್ಮ ಕಡೆ ಹೊಸದಲ್ಲ. ಅತ್ತೆಯ ಹೆಸರಿಟ್ಟ ಮಗಳಿಗೆ ಸೊಸೆ "ಎಲೇ" ಎಂದರೆ ಸತ್ತ ಅತ್ತೆಗೇ ಅಂದಂತೆ, ಅದಕ್ಕೆ ಅನ್ನುವುದಿಲ್ಲ. ಆದರೆ ಇದೆಲ್ಲ ಕೂಸು ತೊಟ್ಟಿಲಲ್ಲಿರುವ ತನಕ. ಅದು ಅಂಬೆಗಾಲಿಟ್ಟು ಹಾಲಿನ ಗಿಂಡಿ ಉರುಳಿಸಿದ ದಿನ ಹಿರಿಯರ ಮರ್ಯಾದೆಯೂ ಜೊತೆಗೇ ಉರುಳುತ್ತದೆ. ರೇಣುಕಮ್ಮನ ವಿಷಯದಲ್ಲಿ ಉರುಳಲಿಲ್ಲ.

ಉಡಿಕಿಯ ಮರುಮದುವೆ ಮಾಡುತ್ತೇವೆ, ಹರೆಯದವಳು, ಇನ್ನೊಂದು ಮನೆ ಕಾಣು ಎಂದು ತಾಯಪ್ಪನೇ ಹೇಳಿದ. ಅವಳು ಒಲ್ಲೆ ಎಂದಳು. ತವರಿನ ತಾಯಿ ಹಾಸಿಗೆ ಹಿಡಿದಾಗ ಮಾನ್ವಿಗೆ ಹೋದವಳು ಅಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಕಡೆ ಮಂಡಾಳ ಎನ್ನುವ ಮಂಡಕ್ಕಿಯ ಒಗ್ಗರಣೆ, ಮಿರ್ಚಿಯ ಅಂಗಡಿ ಹಾಕಿದಳು. ಅರಕೇರಾದ ಸಾಲೆಗೆ ಮಾಸ್ತರರು ಬರುವುದೇ ಅಪರೂಪವಾಗಿತ್ತು, ಹೀಗಾಗಿ ಹುಲಗೆಮ್ಮನ ಇಬ್ಬರು ಗಂಡುಮಕ್ಕಳೂ ಮಾನ್ವಿಗೆ ಬಂದು ಅವಳ ಹತ್ತಿರವೇ ಬೆಳೆದರು. ಹಿರಿಯ ಹನುಮಂತರಾಯ, ಕಿರಿಯ ಗದ್ದೆಪ್ಪ.

ಗದ್ದೆಪ್ಪನ ಭಾಗ್ಯವೇ ಭಾಗ್ಯ. ಬೆಳಗಾದರೆ "ಲೇ ಗದ್ದ್ಯಾ, ಏಳೋ ಮುಕಳ್ಯಾಗ ಬಿಸಿಲು ಬಿತ್ತು" ಎಂದು ಶುರುವಾದರೆ, ಸಂಜೆ ಕಾಲು ತೊಳೆಯದೆ ಒಳಗೆ ಬಂದದ್ದಕ್ಕೆ ಬೆನ್ನಿಗೊಂದು ಬೀಳುವವರೆಗೆ ಅವನ ಹೆಸರು ಓಣಿಯಲ್ಲಿ ಮೊಳಗುತ್ತಿತ್ತು. ಅದೇ ಮನೆಯಲ್ಲಿ, ಅದೇ ಮಣ್ಣುಗಾಲಲ್ಲಿ ಬಂದ ಹನುಮಂತರಾಯನಿಗೆ ಚೊಂಬಿನಲ್ಲಿ ನೀರು ಬರುತ್ತಿತ್ತು. "ಕಾಲ್ ತೊಳ್ಕೊಳ್ರಿ." ಆರು ವರ್ಷದ ಹುಡುಗನಿಗೆ! ಮೊದಲ ರೊಟ್ಟಿ ಅವನಿಗೆ, ತುಪ್ಪದ ಚಮಚ ಅವನಿಗೆ. ಹಿರಿಯರ ಅಮಾವಾಸ್ಯೆಯ ದಿನ ಎಲ್ಲರೂ ತೀರಿಹೋದವರ ಗೋರಿಗೆ ಎಡೆ ಒಯ್ದರೆ, ಅವಳು ಪುಂಡಿಪಲ್ಯೆ, ರೊಟ್ಟಿ, ಕಡಬಿನ ಎಡೆ ಕಟ್ಟಿ ಅವನನ್ನೇ ಮಣೆಯ ಮೇಲೆ ಕೂರಿಸಿ ಉಣ್ಣಿಸುತ್ತಿದ್ದಳು. ಅವನು ತಿನ್ನುವುದನ್ನೇ ನೋಡುತ್ತಿದ್ದಳು. ಆ ಕಣ್ಣು ತನ್ನನ್ನಲ್ಲ, ತನ್ನ ಹಿಂದೆ ಇನ್ನಾರನ್ನೋ ನೋಡುತ್ತಿದೆ ಎಂದು ಅವನಿಗೆ ಅಷ್ಟು ಸಣ್ಣವನಿದ್ದಾಗಲೇ ತಿಳಿಯುತ್ತಿತ್ತು.

ಒಮ್ಮೆ, ಗದ್ದೆಪ್ಪ ಬೈಯಿಸಿಕೊಂಡು ಅತ್ತು, ಆಮೇಲೆ ಅವಳ ತೊಡೆಯ ಮೇಲೇ ಮಲಗಿ ನಿದ್ದೆಹೋದದ್ದು ನೋಡಿ, ಹನುಮಂತರಾಯನಿಗೆ ಹೊಟ್ಟೆಕಿಚ್ಚಾಯಿತು. ಮರುದಿನ ಬೇಕಂತಲೇ ನೀರಿನ ಮಡಕೆ ಎತ್ತಿ ಹಾಕಿದ. ಮನೆಯೆಲ್ಲ ಹೊಳೆಯಾಯಿತು. ಕಣ್ಣು ಮುಚ್ಚಿ ಬೈಗುಳಕ್ಕೆ ಕಾದು ನಿಂತ. ಅವಳು ಚೂರುಗಳನ್ನು ಆರಿಸಿ, "ಇರ್ಲಿ ಬಿಡ್ರಿ, ಮಣ್ಣಿಂದು, ಒಡೀತದ. ಕಾಲಿಗೆ ಹತ್ತಿಲ್ಲಲ್ರಿ?" ಎಂದಳು. ಹುಡುಗ ಹಿತ್ತಲಿಗೆ ಹೋಗಿ ಅತ್ತ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಎಂಬ ಗಾದೆ ಸಾಲೆಯಲ್ಲಿ ಕಲಿತಾಗ ಅವನಿಗೆ ಇನ್ನಷ್ಟು ದುಃಖವಾಯಿತು.

ಅವಳು ಹೋದ ಹೋದ ಆಫೀಸಿಗೆಲ್ಲ ಅವನೂ ಹೋಗಬೇಕು. ಗಂಡನ ಹೆಸರು ಹೇಳುವವಳಲ್ಲ ಅವಳು, ಹೇಳದೆ ಸರ್ಕಾರದ ಕೆಲಸ ನಡೆಯುವುದಿಲ್ಲ. ರಾಯಚೂರಿನ ಪೆನ್ಶನ್ ಆಫೀಸಿನಲ್ಲಿ "ಗಂಡನ ಹೆಸರೇನಮ್ಮ?" ಎಂದರೆ, ಚಡ್ಡಿ ಹಾಕಿದ ಹುಡುಗನನ್ನು ಮುಂದೆ ತಳ್ಳುತ್ತಿದ್ದಳು.

"ಹನುಮಂತರಾಯ" ಎಂದ ಹುಡುಗ.

"ನಿನ್ನ ಹೆಸರು ಯಾರ್ ಕೇಳಿದ್ರಲೇ? ಈಕಿ ಗಂಡನ ಹೆಸರು ಹೇಳು" ಎಂದ ಗುಮಾಸ್ತ.

"ಹನುಮಂತರಾಯ."

"ಹಂಗಾದ್ರ ನಿನ್ನ ಹೆಸರೇನು?"

"ಹನುಮಂತರಾಯ ರೀ."

ಗುಮಾಸ್ತ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದ. ರೇಣುಕಮ್ಮ ಸೆರಗಿನ ಒಳಗೇ ನಕ್ಕಳು. ಬಾಯಿ ತುಂಬ ಮಾತಿದ್ದೂ ಆ ಒಂದು ಮಾತಿಗೆ ಮಾತ್ರ ಅವಳು ಇವನ ನಾಲಿಗೆ ಕಡ ತೆಗೆದುಕೊಂಡಿದ್ದಳು. ಮುಂದೆ ಅವನಿಗೆ ಮೀಸೆ ಬಂದು, ಮದುವೆಯಾಗಿ, ಕಂಡಕ್ಟರನಾದ ಮೇಲೂ ಅವಳು ಪೆನ್ಶನ್ನಿಗಾಗಿ ಪ್ರತಿವರ್ಷ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು ತೋರಿಸುವಾಗ ಅವನೇ ಪಕ್ಕದಲ್ಲಿರಬೇಕು. ಅವನು ಡ್ಯೂಟಿ ಬದಲಿಸಿಕೊಂಡು ಬರುತ್ತಿದ್ದ. ಒಂದು ವರ್ಷವೂ ತಪ್ಪಿಸಲಿಲ್ಲ.

ಆದರೆ ಮನುಷ್ಯನ ಮನಸ್ಸು. ಹೋದ ವರ್ಷ ಯಂಕಮ್ಮ ಏನೋ ಜಗಳದಲ್ಲಿ, "ನಿಮ್ಮ ಚಿಗವ್ವ ನಿಮ್ಮನ್ನೇನ್ ಪ್ರೀತಿ ಮಾಡ್ತಾಳ? ಸತ್ತ ಗಂಡನ ಹೆಸರಿಗೆ ತುಪ್ಪ ಬಡಸ್ತಾಳ, ನಿಮ್ಮ ಬಾಯಾಗ ಬೀಳ್ತದ ಅಷ್ಟೇ" ಎಂದುಬಿಟ್ಟಳು. ಸಿಟ್ಟಿನಲ್ಲಿ ಆಡಿದ ಮಾತು, ಅವಳು ಮರೆತಳು. ಅವನಿಗೆ ಮರೆಯಲಾಗಲಿಲ್ಲ. ನಿಜವೇ ಇರಬಹುದಲ್ಲ! ಗದ್ದೆಪ್ಪ ಸಿಕ್ಕಿದ್ದು ತಿಂದ, ಬೈಯಿಸಿಕೊಂಡ, ಆದರೆ ಅದೆಲ್ಲ ಗದ್ದೆಪ್ಪನದೇ. ತನಗೆ ಸಿಕ್ಕಿದ್ದರಲ್ಲಿ ತನ್ನದು ಎಂಬುದು ಒಂದು ತುತ್ತಾದರೂ ಇತ್ತೇ?

ಮಾನ್ವಿಯಲ್ಲಿ ಬಸ್ಸು ನಿಂತಾಗ ಬಡೇಬೀಯ ಹತ್ತಿರ ಇದನ್ನು ತೋಡಿಕೊಂಡ. ಬಡೇಬೀಯದು ಚಿಗವ್ವನ ಅಂಗಡಿಗೆ ತಾಗಿದ ಬಳೆಯ ಅಂಗಡಿ. ನಲವತ್ತು ವರ್ಷದ ಗೆಳೆತನ, ಅಷ್ಟೇ ವರ್ಷದ ಜಗಳ.

"ಅರೇ ಬೇಟಾ, ನನಗ ದಿನಾ ಬೈತಾಳ. ಬೇಕಂದ್ರ ನಂದ್ರಾಗ ಅರ್ಧ ತಗೊಂಡ್ ಹೋಗು" ಎಂದಳು ಬಡೇಬೀ. ಆಮೇಲೆ ಅವನ ಮುಖ ನೋಡಿ ದನಿ ಇಳಿಸಿದಳು. "ಸ್ಟೇಶನ್ನಿನ್ಯಾಗ ಬೈದು ಕಳಿಸಿದ್ದು ಇನ್ನೂ ಆಕಿ ಎದ್ಯಾಗ ಅದ. ಆ ಹೆಸರಿಗೆ ಇನ್ನ ಒಂದ್ ಮಾತು ಅನ್ನಂಗಿಲ್ಲ ಅಂತ ಆಣಿ ಮಾಡ್ಯಾಳ. ನೀ ಆ ಹೆಸರಿನ ಕೆಳಗ ಸಿಕ್ಕೊಂಡೀ, ಏನ್ ಮಾಡ್ಲಿ?"

ಅಂಥ ಹೊತ್ತಿಗೇ ದೇವದುರ್ಗದಿಂದ ವಿರೂಪಣ್ಣ ಬಂದರು. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ವಿಭೂತಿ ಹಚ್ಚಿದ ಹಣೆ, ಇನ್ನೂ ನೆಟ್ಟಗೆ ನಿಂತ ಬೆನ್ನು. ಅರಕೇರಾದಲ್ಲಿ ಮಾಜಿ ಸೈನಿಕರೆಲ್ಲ ಕೂಡಿ, ಸುತ್ತಲ ಹಳ್ಳಿಗಳಿಂದ ಹೋಗಿ ಸತ್ತ ಸಿಪಾಯಿಗಳ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತಾರಂತೆ. ಮೂರು ಹೆಸರು. ಅದರಲ್ಲೊಂದು ಹನುಮಂತರಾಯ, ತಾಯಪ್ಪನ ಮಗ.

"ನೀವು ಹೂಂ ಅಂದ್ರ ಕೆತ್ತಸ್ತೀವಿ, ಯವ್ವಾ" ಎಂದರು ವಿರೂಪಣ್ಣ.

ರೇಣುಕಮ್ಮ ಮಿರ್ಚಿ ಬಿಡುತ್ತಿದ್ದವಳು ಹಾಗೇ ನಿಂತಳು. "ವಿಚಾರ ಮಾಡ್ತೀನ್ರಿ" ಎಂದಳು. ಬಾಣಲೆಯಲ್ಲಿದ್ದ ಮಿರ್ಚಿಯೆಲ್ಲ ಕರ್ರಗಾದವು.

ಆ ಭಾನುವಾರ ಹನುಮಂತರಾಯ ಮಾನ್ವಿಗೆ ಹೋದ. ಕಲ್ಲಿಗೆ ಹೂಂ ಅನ್ನಿಸಬೇಕು ಎಂಬುದು ಅವನ ಮನಸ್ಸಿನಲ್ಲಿತ್ತು. ಕಾಕನ ಮೇಲಿನ ಅಭಿಮಾನ ಒಂದು ಕಡೆ. ಇನ್ನೊಂದು ಕಡೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಆಸೆ: ಹೆಸರಿಗೆ ಕಲ್ಲು ಸಿಕ್ಕರೆ ತನ್ನ ಮೇಲಿನ ಭಾರ ಇಳಿದೀತು. ಆಗ ಏನು ಉಳಿಯುತ್ತದೋ ನೋಡೇಬಿಡೋಣ.

ಅವಳು ಎಂದಿನಂತೆ ಸೆರಗೆಳೆದುಕೊಂಡು ಮಣೆ ಹಾಕಿದಳು. "ಕಲ್ಲು ಬ್ಯಾಡೇನ್ ಚಿಗವ್ವ?" ಎಂದು ಅವನೇ ಮಾತು ತೆಗೆದ.

ಅವಳು ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಅವ್ರಿಗೆ ಮಣ್ಣು ಸಿಕ್ಕಿದ್ದು ಎಲ್ಲೋ ಪರಮುಲುಕಿನ್ಯಾಗ. ಮಾವ ನಿಮ್ಮ ಮೈಮ್ಯಾಲೆ ಕುಂದರಿಸಿದ. ಕುಂತಾರ. ಹಬ್ಬಕ್ಕ ಬರ್ತಾರ, ಉಣ್ತಾರ. ಈಗ ಎಬ್ಬಿಸಿ ಕಲ್ಲಿಗೆ ಕಳಿಸಿದ್ರ ನನ್ನ ಮನಿಗೆ ಬರೋರು ಯಾರ್ರಿ?" ಎಂದಳು.

"ನಾ ಬರ್ತೀನಲ್ಲ" ಎಂದ ಅವನು.

"ಹೌದ್ರಿ, ನೀವೇ ಬರೋರು" ಎಂದಳು ಅವಳು, ಅವನ ಭುಜದ ಆಚೆಗೆ ನೋಡುತ್ತ.

ಆ ದಿನ ಅವನು ಒಂದೇ ರೊಟ್ಟಿಗೆ ಕೈ ತೊಳೆದ. ಯಂಕಮ್ಮ ಅಂದದ್ದೇ ಸರಿ ಅನ್ನಿಸಿತು. ತಿರುಗಿ ರಾಯಚೂರಿಗೆ ಬರುವಾಗ ಯಾರೋ ಬಸ್ಸಿನ ಡ್ರೈವರನ್ನು ಬೈಯುತ್ತಿದ್ದರು, ಅವನಿಗೆ ಅದೂ ಹೊಟ್ಟೆಕಿಚ್ಚಾಯಿತು.

ಒಪ್ಪದವಳನ್ನು ಒಪ್ಪಿಸಿದ್ದು ಅವನಲ್ಲ, ವಿರೂಪಣ್ಣರೂ ಅಲ್ಲ. ಅರಕೇರಾದ ಸಭೆಯಲ್ಲಿ ಒಬ್ಬ ದೊಡ್ಡಮನುಷ್ಯ ಎದ್ದು, "ಹೊಡೆದಾಡಿ ಸತ್ತವರ ಸಾಲಿನ್ಯಾಗ ಕೈ ಎತ್ತಿ ಸೆರಿ ಸಿಕ್ಕಾಂವ ಯಾಕ?" ಎಂದನಂತೆ. ವಿರೂಪಣ್ಣ ಅವನಿಗೆ, "ಗುಂಡು ಮುಗಿದ ಮ್ಯಾಲೆ, ಹುಕುಂ ಆದ ಮ್ಯಾಲೆ ಸೆರಿ ಹೋಗೋದೂ ಡ್ಯೂಟಿನೇ. ಅಲ್ಲಿ ಸತ್ತದ್ದೂ ಡ್ಯೂಟಿ ಮ್ಯಾಲೇ" ಎಂದು ಹೇಳಿ ಕೂರಿಸಿದರು. ಆದರೆ ಮಾತಿಗೆ ಕಾಲಿಲ್ಲದಿದ್ದರೂ ಅದು ಬಸ್ಸು ಹತ್ತಿ ಮಾನ್ವಿಗೆ ಬಂತು. ರೇಣುಕಮ್ಮನ ಎಪ್ಪತ್ತು ವರ್ಷದ ರಕ್ತ ಕುದಿಯಿತು. ಆ ಮನುಷ್ಯ ಒಂದು ದಿನ ಮಾನ್ವಿ ಬಸ್‌ಸ್ಟ್ಯಾಂಡಿಗೆ ಬಂದು, ಏನೂ ಅರಿಯದವನಂತೆ ಒಗ್ಗರಣೆ ಮಿರ್ಚಿ ಕೇಳಿದ.

"ಕೈ ಎತ್ತ್ರಿ" ಎಂದಳು ಅವಳು.

"ಯಾಕಬೇ?"

"ಎತ್ತ್ರಿ ಅಂದೆ. ಮ್ಯಾಲೆ. ಹಂಗ ನಿಂದರ್ರಿ, ನನ್ನ ಮಿರ್ಚಿ ಮುಗಿಯೋತನ. ಕೈ ಎತ್ತೋದು ಸಸಾರ ಅದನೋ ಇಲ್ಲೋ ನಿಮಗೂ ತಿಳೀಲಿ!"

ಅವನು ಪ್ಲೇಟು ಬಿಟ್ಟು ಹೋದ. ಬಡೇಬೀ ಬಳೆಯ ಗೊಂಚಲು ಹಿಡಿದು ಬಿದ್ದು ಬಿದ್ದು ನಕ್ಕಳು. ಅಂದೇ ರೇಣುಕಮ್ಮ ವಿರೂಪಣ್ಣರಿಗೆ ಫೋನು ಹಚ್ಚಿಸಿದಳು: "ಕೆತ್ತಸ್ರಿ ಯಣ್ಣಾ. ಎಲ್ಲಾರಿಗೂ ಕಾಣೋಹಂಗ ಕೆತ್ತಸ್ರಿ. ಮಳಿಗೆ ಅಳಿಸಬಾರ್ದು ನೋಡ್ರಿ ಮತ್ತ."

ಕಲ್ಲು ನಿಲ್ಲಿಸಿದ್ದು ಅರಕೇರಾದ ಬಸ್ ನಿಲ್ಲುವ ಜಾಗದ ಹತ್ತಿರ, ರಸ್ತೆಯ ಬದಿಗೆ. ಆ ಬೆಳಗ್ಗೆ ಊರೆಲ್ಲ ಕೂಡಿತ್ತು. ಹನುಮಂತರಾಯ ಹೊಸ ಬಿಳಿ ಧೋತರ ಉಟ್ಟು, ಚಿಗವ್ವನನ್ನೂ ಬಡೇಬೀಯನ್ನೂ ಮಾನ್ವಿಯಿಂದ ಕರೆತಂದಿದ್ದ. ಗದ್ದೆಪ್ಪ ಶಕ್ತಿನಗರದಿಂದ ರಜೆ ಹಾಕಿ ಬಂದಿದ್ದ. ಅಲ್ಲಿ ಅವನು ಗುತ್ತಿಗೆದಾರರ ಕೈಕೆಳಗೆ ವೆಲ್ಡಿಂಗ್ ಕೆಲಸಕ್ಕಿದ್ದಾನೆ. ಭಾಷಣಗಳು ಇದ್ದೇ ಇದ್ದವು. ಅವು ಮುಗಿದ ಮೇಲೆ ವಿರೂಪಣ್ಣ ಮೂರು ಹೆಸರನ್ನೂ ಓದಿದರು. ಎರಡನೆಯ ಹೆಸರು ಓದಿದಾಗ ಜನ "ಅಮರ್ ರಹೇ" ಎಂದು ಕೂಗಿದರು. ಹನುಮಂತರಾಯನ ಮೈ ಜುಮ್ಮೆಂದಿತು. ತನ್ನದೇ ಹೆಸರನ್ನು ಊರು ಕೂಗುವುದು, ಅದು ತನಗಲ್ಲ ಎಂದು ತಿಳಿದಿರುವುದು. ಇದು ಅವನಿಗೆ ಹೊಸದೇನಲ್ಲ, ಹುಟ್ಟಿದಾಗಿನಿಂದ ಹಾಗೇ ಬದುಕಿದ್ದಾನೆ. ಆದರೆ ಇಷ್ಟು ಜೋರಾಗಿ ಯಾರೂ ಕೂಗಿರಲಿಲ್ಲ.

ಜನ ಸರಿದ ಮೇಲೆ ರೇಣುಕಮ್ಮ ಎದ್ದಳು. ಕೊಡದ ನೀರಿನಿಂದ ತಾನೇ ಕಲ್ಲು ತೊಳೆದಳು. ಅವಳಿಗೆ ಓದು ಬಾರದು. ವಿರೂಪಣ್ಣ ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದು ಅಕ್ಷರದ ಗುಂಡಿಯನ್ನೂ ಮುಟ್ಟಿ ನೋಡಿದಳು, ಹೊಲಿಗೆ ಸರಿಯಾಗಿದೆಯೋ ಇಲ್ಲವೋ ಎಂದು ಕುಪ್ಪಸ ಮುಟ್ಟಿ ನೋಡುವ ಹಾಗೆ. ಆಮೇಲೆ ಬುತ್ತಿ ಬಿಚ್ಚಿ ಕಲ್ಲಿನ ಬುಡಕ್ಕೆ ಎಡೆ ಇಟ್ಟಳು. ರೊಟ್ಟಿ, ಪುಂಡಿಪಲ್ಯೆ, ಕಡಬು. ಸೆರಗು ತಲೆಯ ಮೇಲಿತ್ತು. ಹಣೆ ಹಚ್ಚಿ ಎದ್ದಾಗ ಅವಳ ಕಣ್ಣು ಒದ್ದೆಯಾಗಿದ್ದವು, ಆದರೆ ಮುಖ ಹಗುರಾಗಿತ್ತು. "ಬಂದ್ರು" ಎಂದಳು ಬಡೇಬೀಗೆ. "ಐವತ್ ವರ್ಷ ಆತು. ಮನಿಗೆ ಬಂದ್ರು."

ಊಟಕ್ಕೆ ಅಲ್ಲೇ ಮರದ ಕೆಳಗೆ ಸಾಲು ಹಾಕಿದ್ದರು. ಹನುಮಂತರಾಯ ಅಭ್ಯಾಸಬಲದಿಂದ ಮೊದಲಿಗೆ ಕೂತ. ರೇಣುಕಮ್ಮ ಬುಟ್ಟಿ ಹಿಡಿದು ಬಂದು, ಅವನನ್ನು ದಾಟಿ ವಿರೂಪಣ್ಣರಿಗೆ ಬಡಿಸಿದಳು, ಊರ ಹಿರಿಯರಿಗೆ ಬಡಿಸಿದಳು, "ಲೇ ಗದ್ದ್ಯಾ, ತಟ್ಟಿ ಹಿಡಿಯೋ" ಎಂದು ಗದ್ದೆಪ್ಪನಿಗೆ ಬಡಿಸಿದಳು. ಅವನ ಸರದಿ ಬಂದಾಗ ಉಳಿದವರ ಹಾಗೇ ಎರಡು ರೊಟ್ಟಿ ಹಾಕಿ ಮುಂದೆ ಹೋದಳು. ತುಪ್ಪವಿಲ್ಲ. "ಉಣ್ರಿ" ಎನ್ನಲೂ ಇಲ್ಲ. ಸೆರಗು ಯಾವಾಗಲೋ ಭುಜಕ್ಕೆ ಜಾರಿತ್ತು, ಅದನ್ನು ಎಳೆದುಕೊಳ್ಳಲಿಲ್ಲ.

ಹನುಮಂತರಾಯ ತುಪ್ಪವಿಲ್ಲದ ರೊಟ್ಟಿ ಮುರಿದ. ಭಾರ ಇಳಿಯಲಿ ಎಂದು ಬೇಡಿಕೊಂಡವನು ಅವನೇ. ಇಳಿದ ಮೇಲೆ ಏನೂ ಉಳಿದಂತೆ ಕಾಣಲಿಲ್ಲ. ಇಷ್ಟು ವರ್ಷ ಉಂಡದ್ದೆಲ್ಲ ಕಾಕನ ಪಾಲೇ ಆಗಿತ್ತು, ಈಗ ಕಾಕ ತನ್ನ ಪಾಲು ತಾನು ತೆಗೆದುಕೊಂಡು ಕಲ್ಲಿನ ಹತ್ತಿರ ಹೋಗಿ ಕೂತ. ತಾನು ಯಾರು? ಒಬ್ಬ ಕಂಡಕ್ಟರ್. ಬೇಗ ಬೇಗ ಉಂಡು ಕೈ ತೊಳೆದು ಎದ್ದ. ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣಬಾರದೆಂದು ಮೊಬೈಲು ತೆಗೆದು ಕಲ್ಲಿನ ಫೋಟೋ ಹೊಡೆಯಲು ನಿಂತ.

ಕಲ್ಲು ಎತ್ತರದ್ದು. ಮೇಲಿನ ಹಾರ ಬಂದರೆ ಕೆಳಗಿನ ಎಡೆ ಬರುತ್ತಿರಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಸರಿದ. ಮಂಜಾದ ಕಣ್ಣನ್ನು ಮೊಬೈಲಿನಲ್ಲೇ ನೆಟ್ಟು ಮತ್ತೂ ಹಿಂದೆ ಸರಿದ. ಅವನ ಬೆನ್ನಹಿಂದೆ ಪಂಚಾಯತಿಯವರು ತೋಡಿ ಮುಚ್ಚದೆ ಬಿಟ್ಟ ಗಟಾರವಿತ್ತು.

"ಲೇ ಹನುಮಂತ್ಯಾ!"

ಮರದ ಕೆಳಗಿನ ಜನರೆಲ್ಲ ತಿರುಗಿ ನೋಡಿದರು.

"ಹಿಂದ ಗಟಾರ ಅದನೋ ಹುಚ್ಚಪ್ಯಾಲಿ! ಕಣ್ಣ ಏನ್ ಬಸ್ಸಿನ್ಯಾಗ ಇಟ್ಟು ಬಂದೀಯೇನ್!"

ಆ ದನಿ ಕೇಳಿ ನಿಲ್ಲಬೇಕಾದವನು, ಕೇಳಿದ ಬೆರಗಿಗೇ ಇನ್ನೊಂದು ಹೆಜ್ಜೆ ಹಿಂದಿಟ್ಟು, ಹೊಸ ಧೋತರದ ಸಮೇತ ಮೊಣಕಾಲಿನ ತನಕ ಗಟಾರದಲ್ಲಿ ಇಳಿದ. ವಿರೂಪಣ್ಣರ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಹುತಾತ್ಮನಿಗೇ ಬೈದಳೋ ಏನೋ ಎಂದು ಅವರು ಗಾಬರಿಯಾಗಿದ್ದರು.

ರೇಣುಕಮ್ಮನ ಕೈ ತಾನಾಗಿಯೇ ಬಾಯಿಗೆ ಹೋಯಿತು. ಎಂದೂ ಆಡದ ಹೆಸರು ಆಡಿಬಿಟ್ಟಿದ್ದಳು. ಕಲ್ಲಿನ ಕಡೆ ತಿರುಗಿ ನೋಡಿದಳು. ಕಲ್ಲು ಹಾರ ಹಾಕಿಕೊಂಡು ತನ್ನ ಪಾಡಿಗೆ ತಾನಿತ್ತು. ಮತ್ತೆ ತಿರುಗಿ ಗಟಾರದ ಕಡೆ ನೋಡಿದಳು. ಅಲ್ಲಿ ಒಬ್ಬ ನರೆತ ಮೀಸೆಯ ಹುಡುಗ ಕೆಸರಿನಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ಅವಳು ಅವನ ಭುಜದ ಆಚೆಗೆ ನೋಡಲಿಲ್ಲ, ನೇರವಾಗಿ ಅವನನ್ನೇ ನೋಡಿದಳು. ಬಾಯಿಯ ಮೇಲಿನ ಕೈ ಸೊಂಟಕ್ಕೆ ಇಳಿಯಿತು.

"ಏನ್ ನೋಡಾಕತ್ತೀ? ಐವತ್ ದಾಟ್ಯಾವ, ನೆಲ ನೋಡಿ ನಡ್ಯಾಕ ಬರಂಗಿಲ್ಲ! ನಿನ್ನಿ ತಂದದ್ದು ಆ ಧೋತರ, ಯಾರ್ ಒಗೀಬೇಕೋ ಅದನ್ನ? ಕಾಲ್ ಮುರೀತೇನ್, ನೋಡ್ಕೋ ಮೊದಲ! ಊರ ಮಂದ್ಯಾಗ ನನ್ನ ಮಾನ ಕಳೀತೀಯಲ್ಲೋ ಹನುಮಂತ್ಯಾ, ಇಷ್ಟು ವರ್ಷ ಸುಮ್ನ ಬಿಟ್ಟಿದ್ದೇ ತಪ್ಪಾತು ನಿನ್ನ..."

ಬಡೇಬೀ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಗದ್ದೆಪ್ಪ ಓಡಿ ಬಂದು ಗಟಾರದ ದಂಡೆಯಲ್ಲಿ ಕೂತು ಕೈ ಚಾಚಿದ.

"ಹಿಡಿ ಅಣ್ಣ, ಮ್ಯಾಲೆ ಬಾ."

ಹನುಮಂತರಾಯ ಕೈ ಕೊಡಲಿಲ್ಲ. ಕಣ್ಣೀರು ಮೀಸೆಗಿಳಿಯುತ್ತಿತ್ತು, ಮುಖದ ತುಂಬ ನಗುವಿತ್ತು.

"ತಡಿಯೋ ಗದ್ದ್ಯಾ" ಎಂದ. "ಇನ್ನೂ ಬೈಯಾಕತ್ತಾಳ."